ಪನಾಮಾ ಮೊದಲು, ಗ್ವಾಟೆಮಾಲಾ ಕೊನೆಗೆ

ಪ್ರಶ್ನೆ: ನಾವು ಹ್ಯೂಸ್ಟನ್‌ನಲ್ಲಿದ್ದೇವೆ. ನನ್ನದು ಎಚ್‌-1ಬಿ ಕೆಲಸದ ವೀಸಾ, ಹೆಂಡತಿಯದು ಅವಲಂಬಿತರ ಎಚ್‌-4, ಪಾಸ್‌ಪೋರ್ಟಿನಲ್ಲಿ ಇಬ್ಬರ ವೀಸಾ ಸ್ಟಾಂಪೂ ಚಾಲ್ತಿಯಲ್ಲಿದೆ. ಬೆಂಗಳೂರಿನಿಂದ ಬಂದಿರುವ ಅಮ್ಮನಿಗೆ 66 ವರ್ಷ, ಅವರದು ಬಿ1/ಬಿ2 ಪ್ರವಾಸಿ ವೀಸಾ. ಮೂವರಿಗೂ ಭಾರತದ ಪಾಸ್‌ಪೋರ್ಟ್. ಜನವರಿಯಲ್ಲಿ 12 ರಾತ್ರಿಯ ಪ್ರವಾಸ ಹಾಕಿಕೊಂಡಿದ್ದೇವೆ: ಗ್ವಾಟೆಮಾಲಾ ಸಿಟಿ, ಕೋಸ್ಟರಿಕಾದ ಸಾನ್ ಹೊಸೆ, ಕೊನೆಗೆ ಪನಾಮಾ ಸಿಟಿ, ತಲಾ ನಾಲ್ಕು ರಾತ್ರಿ. ವಾಪಸು ಬಂದ ಮೂರನೇ ದಿನ ಅಮ್ಮ ಬೆಂಗಳೂರಿಗೆ ಹೊರಡುತ್ತಾರೆ. ಅಗ್ಗದ ಟಿಕೆಟ್‌ಗಳೆಲ್ಲ ಎಲ್ ಸಾಲ್ವಡಾರ್ ದೇಶದ ಸಾನ್ ಸಾಲ್ವಡಾರ್ ಮೂಲಕವೇ ತೋರಿಸುತ್ತಿವೆ. ಯಾವ ವಿಮಾನ ಹಿಡಿಯಬೇಕು, ಹೋಟೆಲ್ ಯಾವ ಭಾಗದಲ್ಲಿ ನೋಡಬೇಕು? ಅಮ್ಮ ಶುದ್ಧ ಸಸ್ಯಾಹಾರಿ. ಹೊಂಡುರಾಸ್‌ನ ತೆಗುಸಿಗಾಲ್ಪದಲ್ಲಿ ವಿಮಾನ ಇಳಿಯುವ ವಿಡಿಯೊ ನೋಡಿ ಹೆದರಿದ್ದಾರೆ ಬೇರೆ.

ಉತ್ತರ: ಟಿಕೆಟ್ ಇನ್ನೂ ಕೊಂಡಿಲ್ಲ ತಾನೆ? ಹಾಗಿದ್ದರೆ ಆ ಅಗ್ಗದ ಟಿಕೆಟ್‌ಗಳನ್ನು ಅಲ್ಲೇ ಬಿಡಿ. 2023ರ ಅಕ್ಟೋಬರ್‌ನಲ್ಲಿ ಎಲ್ ಸಾಲ್ವಡಾರ್ ಸರ್ಕಾರ, ತನ್ನ ವಿಮಾನ ನಿಲ್ದಾಣದ ಮೂಲಕ ಹಾದುಹೋಗುವ ಭಾರತದ ಮತ್ತು ಐವತ್ತಕ್ಕೂ ಹೆಚ್ಚು ಆಫ್ರಿಕನ್ ದೇಶಗಳ ಪಾಸ್‌ಪೋರ್ಟಿನವರ ಮೇಲೆ 1,000 ಡಾಲರ್ ಶುಲ್ಕ ಹೇರಿತು. ಅಲ್ಲಿನ 13% ತೆರಿಗೆ ಸೇರಿದರೆ ತಲೆಗೆ 1,130 ಡಾಲರ್. ನೀವು ಮೂವರು ಆ ದಾರಿಯಲ್ಲಿ ಹೋದರೆ 3,390 ಡಾಲರ್. ವಿಮಾನ ನಿಲ್ದಾಣದ ಸುಧಾರಣೆಗೆ ಎಂದು ಅವರು ಹೇಳಿದರು. ಅಮೆರಿಕದ ಗಡಿಯತ್ತ ಅಕ್ರಮವಾಗಿ ಹೋಗುವವರನ್ನು ತಡೆಯಲು ಎಂದು ಎಲ್ಲರೂ ಅರ್ಥ ಮಾಡಿಕೊಂಡರು. ಕಾರಣ ಏನೇ ಇರಲಿ, ಕೈಯಲ್ಲಿ ಅಮೆರಿಕದ ವೀಸಾ ಹಿಡಿದು ತಾಯಿಯನ್ನು ಊರು ತೋರಿಸಲು ಕರೆದೊಯ್ಯುವವರನ್ನೂ ಪಾಸ್‌ಪೋರ್ಟಿನ ಬಣ್ಣ ನೋಡಿ ಬೇರೆ ಸಾಲಿಗೆ ನಿಲ್ಲಿಸುವ ಈ ಕ್ರಮ ಅನ್ಯಾಯದ್ದು ಎಂದೇ ನನ್ನ ಅಭಿಪ್ರಾಯ. ಬೆಲೆ ಹೋಲಿಸುವ ತಾಣಗಳಿಗೆ ನಿಮ್ಮ ಪಾಸ್‌ಪೋರ್ಟ್ ಯಾವುದೆಂದು ಗೊತ್ತಿರುವುದಿಲ್ಲ, ಹಾಗಾಗಿ ಅವು ತೋರಿಸುವ ಮೊತ್ತದಲ್ಲಿ ಈ ಶುಲ್ಕ ಇರುವುದಿಲ್ಲ. ಅವಿಯಾಂಕಾ ಕಂಪನಿಯ ದೊಡ್ಡ ನೆಲೆ ಸಾನ್ ಸಾಲ್ವಡಾರ್. ಆದ್ದರಿಂದಲೇ ಮಧ್ಯ ಅಮೆರಿಕದೊಳಗಿನ ಅಗ್ಗದ ಟಿಕೆಟ್‌ಗಳು ಮತ್ತೆ ಮತ್ತೆ ಆ ಊರಿನ ಮೇಲೇ ಹೋಗುತ್ತವೆ. ಹುಡುಕುವಾಗ ‘ನೇರ ವಿಮಾನ’ ಎಂಬ ಗುಂಡಿ ಒತ್ತಿಯೇ ಹುಡುಕಿ.

ಎರಡನೆಯ ಮಾತು ಇದಕ್ಕಿಂತ ಮುಖ್ಯ, ಏಕೆಂದರೆ ಇದು ತಾಯಿಯವರಿಗೆ ತಟ್ಟುತ್ತದೆ. ಭಾರತ ಸರ್ಕಾರದ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿ ಪನಾಮಾ ಇದೆ. ಅಲ್ಲಿಂದ ಹೊರಟ ಆರು ದಿನದೊಳಗೆ ಭಾರತಕ್ಕೆ ಬಂದಿಳಿಯುವವರ ಬಳಿ ಲಸಿಕೆಯ ಹಳದಿ ಕಾರ್ಡ್ ಇಲ್ಲದಿದ್ದರೆ, ಆ ಅವಧಿ ಮುಗಿಯುವವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳಿಗಿದೆ. ಜ್ವರದ ಅಪಾಯ ನಿಜವಾಗಿ ಇರುವುದು ಕಾಲುವೆಯ ಪೂರ್ವಕ್ಕಿರುವ ಕಾಡಿನ ಕಡೆ. ಆದರೆ ಬೆಂಗಳೂರಿನ ಕೌಂಟರ್ ನೋಡುವುದು ದೇಶದ ಹೆಸರನ್ನು, ನೀವು ಉಳಿದ ಬೀದಿಯನ್ನಲ್ಲ. ನಿಮ್ಮ ಯೋಜನೆಯಲ್ಲಿ ಪನಾಮಾ ಕೊನೆಯ ಊರು. ಅಲ್ಲಿಂದ ಹ್ಯೂಸ್ಟನ್, ಮೂರನೇ ದಿನ ಬೆಂಗಳೂರಿನ ವಿಮಾನ. ಆರು ದಿನ ಆಗುವುದೇ ಇಲ್ಲ.

ಲಸಿಕೆ ಹಾಕಿಸಿದರಾಯಿತಲ್ಲ ಎನ್ನಬಹುದು. ಅರವತ್ತು ದಾಟಿದವರಲ್ಲಿ ಹಳದಿ ಜ್ವರದ ಲಸಿಕೆಯಿಂದ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಹೆಚ್ಚು. ಅದಕ್ಕೇ ವೈದ್ಯರು ಆ ವಯಸ್ಸಿನವರಿಗೆ ಯೋಚಿಸಿ ಕೊಡುತ್ತಾರೆ. ಹಾಕಿಸಿದರೂ ಕಾರ್ಡ್‌ಗೆ ಬೆಲೆ ಬರುವುದು ಹತ್ತು ದಿನದ ನಂತರ. ಕಾಲುವೆ ನೋಡಿ ಬರಲಷ್ಟೇ ಹೋಗುವ 66ರ ಹೆಂಗಸಿಗೆ ಬರೀ ಕಾಗದದ ಸಲುವಾಗಿ ಆ ಸೂಜಿ ಬೇಕಿಲ್ಲ. ದಾರಿಯನ್ನೇ ತಿರುಗಿಸಿದರೆ ಸಾಕು.

ಹೀಗೆ ಮಾಡಿ. ಹ್ಯೂಸ್ಟನ್‌ನಿಂದ ನೇರ ಪನಾಮಾ ಸಿಟಿ, ಮೂರು ರಾತ್ರಿ. ಅಲ್ಲಿಂದ ಸಾನ್ ಹೊಸೆ, ಆರು ರಾತ್ರಿ. ಕೊನೆಗೆ ಗ್ವಾಟೆಮಾಲಾ, ಮೂರು ರಾತ್ರಿ, ಅಲ್ಲಿಂದ ನೇರ ಹ್ಯೂಸ್ಟನ್. ರಾತ್ರಿಗಳು ಅವೇ ಹನ್ನೆರಡು. ನಡುವೆ ಆರು ರಾತ್ರಿ ಇಟ್ಟಿದ್ದಕ್ಕೂ ಕಾರಣವಿದೆ: ಹಳದಿ ಜ್ವರದ ಅಪಾಯವಿರುವ ದೇಶಗಳಿಂದ ಬರುವವರಿಗೆ ಕಾರ್ಡ್ ಕೇಳುವ ನಿಯಮ ಗ್ವಾಟೆಮಾಲಾದಲ್ಲೂ ಇದೆ. ಪನಾಮಾದಿಂದ ಸೀದಾ ಅಲ್ಲಿಗೆ ಹಾರದೆ, ಮಧ್ಯೆ ಕೋಸ್ಟರಿಕಾದಲ್ಲಿ ಆರು ದಿನ ಕಳೆದು ಹೋದರೆ ಆ ಪ್ರಶ್ನೆಗೂ ಆಸ್ಪದವಿಲ್ಲ. ನೋಡುವಂಥದ್ದೂ ಮೂರು ದೇಶಗಳಲ್ಲಿ ಕೋಸ್ಟರಿಕಾದಲ್ಲೇ ಹೆಚ್ಚು, ಹಾಗಾಗಿ ನಷ್ಟವೇನಿಲ್ಲ. ಟಿಕೆಟ್ ತಾಣದಲ್ಲಿ ‘ಮಲ್ಟಿ ಸಿಟಿ’ ಆರಿಸಿ, ಹ್ಯೂಸ್ಟನ್–ಪನಾಮಾ ಮತ್ತು ಗ್ವಾಟೆಮಾಲಾ–ಹ್ಯೂಸ್ಟನ್ ಒಂದೇ ಟಿಕೆಟ್‌ನಲ್ಲಿ ಕೊಳ್ಳಿ. ಬಿಡಿಬಿಡಿಯಾಗಿ ಕೊಂಡರೆ ಸಾಮಾನ್ಯವಾಗಿ ದುಬಾರಿ. ಪನಾಮಾ–ಸಾನ್ ಹೊಸೆ ನಡುವೆ ಕೋಪಾ ಏರ್‌ಲೈನ್ಸ್ ದಿನಕ್ಕೆ ಹಲವು ಬಾರಿ ಹಾರುತ್ತದೆ. ಸಾನ್ ಹೊಸೆ–ಗ್ವಾಟೆಮಾಲಾ ನಡುವೆ ಅವಿಯಾಂಕಾ ಮತ್ತು ವೊಲಾರಿಸ್ ಕೋಸ್ಟರಿಕಾದ ನೇರ ವಿಮಾನ ನೋಡಿ. ಈ ಎರಡು ಕಂಪನಿಗಳ ಕೆಳದರ್ಜೆಯ ದರದಲ್ಲಿ ಸೀಟಿನ ಕೆಳಗೆ ಹಿಡಿಸುವ ಚೀಲ ಮಾತ್ರ ಉಚಿತ. ಸೂಟ್‌ಕೇಸಿನ ಹಣವನ್ನು ಟಿಕೆಟ್ ಕೊಳ್ಳುವಾಗಲೇ ಕಟ್ಟಿಬಿಡಿ, ನಿಲ್ದಾಣದ ಕೌಂಟರ್‌ನಲ್ಲಿ ಅದು ಬಹಳ ಏರುತ್ತದೆ.

ಇನ್ನು ತಾಯಿಯವರ ಭಯ. ತೆಗುಸಿಗಾಲ್ಪದ ಹಳೆಯ ತೊಂಕೊಂತಿನ್ ನಿಲ್ದಾಣ ಬೆಟ್ಟಗಳ ನಡುವೆ ಇದೆ, ರನ್‌ವೇ ಗಿಡ್ಡ, ಇಳಿಯುವ ಮುನ್ನ ವಿಮಾನ ಮನೆಗಳ ಮೇಲೆ ತೀರ ತಗ್ಗಿನಲ್ಲಿ ತಿರುಗಬೇಕು. 2008ರ ಮೇ 30ರಂದು ಅಲ್ಲಿ ಒಂದು ವಿಮಾನ ರನ್‌ವೇ ದಾಟಿ ರಸ್ತೆಗೆ ನುಗ್ಗಿದ್ದು ನಿಜ. ಆದರೆ 2021ರ ಕೊನೆಯಲ್ಲಿ ಕೊಮಯಾಗುವಾ ಬಳಿ ಪಾಲ್ಮೆರೊಲಾ ನಿಲ್ದಾಣ ತೆರೆದ ಮೇಲೆ ಹೊಂಡುರಾಸ್ ರಾಜಧಾನಿಯ ಅಂತರರಾಷ್ಟ್ರೀಯ ವಿಮಾನಗಳಲ್ಲಿ ಬಹುಪಾಲು ಅಲ್ಲಿಗೆ ಹೋದವು. ಅದಕ್ಕಿಂತ ಮುಖ್ಯವಾಗಿ, ಅದು ನಿಮ್ಮ ದಾರಿಯಲ್ಲೇ ಇಲ್ಲ. ನೀವು ಇಳಿಯುವ ಮೂರೂ ನಿಲ್ದಾಣಗಳು ದೊಡ್ಡ ಜೆಟ್‌ಗಳು ದಿನವಿಡೀ ಇಳಿದೇಳುವಂಥವು. ಒಂದನ್ನು ಮಾತ್ರ ಮೊದಲೇ ಹೇಳಿಡಿ: ಜನವರಿಯಲ್ಲಿ ಸಾನ್ ಹೊಸೆಯ ಕಣಿವೆಯಲ್ಲಿ ಈಶಾನ್ಯದ ಗಾಳಿ ಜೋರು, ಇಳಿಯುವ ಕೊನೆಯ ಕೆಲವು ನಿಮಿಷ ವಿಮಾನ ಕುಲುಕುತ್ತದೆ. ಮೊದಲೇ ಗೊತ್ತಿದ್ದರೆ ಹೆದರಿಕೆ ಅರ್ಧ ಇಳಿಯುತ್ತದೆ. ರೆಕ್ಕೆಯ ಮೇಲಿನ ಸಾಲುಗಳಲ್ಲಿ ಸೀಟು ಹಿಡಿದರೆ ಕುಲುಕಾಟ ಕಡಿಮೆ.

ವೀಸಾ ವಿಷಯ. ಅಮೆರಿಕದ ವೀಸಾ ಇರುವ ಭಾರತೀಯರನ್ನು ಬೇರೆ ವೀಸಾ ಕೇಳದೆ ಬಿಟ್ಟುಕೊಳ್ಳುವ ವ್ಯವಸ್ಥೆ ಮೂರೂ ದೇಶಗಳಲ್ಲಿದೆ, ಆದರೆ ಷರತ್ತುಗಳು ಒಂದೇ ಅಲ್ಲ. ಪನಾಮಾ ಹಲವು ಬಾರಿ ಪ್ರವೇಶಕ್ಕೆ ಸಲ್ಲುವ ವೀಸಾ ಕೇಳುತ್ತದೆ, ಅದನ್ನು ಒಮ್ಮೆಯಾದರೂ ಬಳಸಿರಬೇಕು ಎನ್ನುತ್ತದೆ. ಕೋಸ್ಟರಿಕಾದವರು ವೀಸಾ ಯಾವ ಬಗೆಯದು ಎಂದು ನೋಡುತ್ತಾರೆ. ತಾಯಿಯವರ ಬಿ1/ಬಿ2 ಅವರಿಗೆ ಪರಿಚಿತ. ನಿಮ್ಮ ಎಚ್‌-1ಬಿ, ಎಚ್‌-4ಗೆ ಯಾವ ಕಾಗದ ಬೇಕೆಂದು ಅವರ ದೂತಾವಾಸಕ್ಕೆ ಇಮೇಲ್ ಬರೆದು, ಬಂದ ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳಿ. ನಿಮ್ಮನ್ನು ಮೊದಲು ತಡೆಯುವುದು ವಲಸೆ ಅಧಿಕಾರಿಯಲ್ಲ, ವಿಮಾನ ಕಂಪನಿಯ ಚೆಕ್‌-ಇನ್ ಸಿಬ್ಬಂದಿ. ಕಾಗದ ಸರಿಯಿಲ್ಲದವರನ್ನು ಹತ್ತಿಸಿಕೊಂಡರೆ ದಂಡ ಬೀಳುವುದು ಕಂಪನಿಯ ಮೇಲೆ, ಹಾಗಾಗಿ ಅವರು ಅನುಮಾನ ಬಂದರೆ ಬೇಡ ಎಂದೇ ಹೇಳುತ್ತಾರೆ. ಅವರ ಮುಂದೆ ಇಡಲು ಮುಂದಿನ ವಿಮಾನದ ಟಿಕೆಟ್, ಹೋಟೆಲ್ ಬುಕಿಂಗ್, ಹ್ಯೂಸ್ಟನ್‌ಗೆ ಮರಳುವ ಟಿಕೆಟ್, ಮೂರೂ ಕಾಗದದ ಮೇಲೆ ಇರಲಿ. ಪನಾಮಾದಲ್ಲಿ ತಲೆಗೆ 500 ಡಾಲರ್ ಇರುವ ಪುರಾವೆ ಕೇಳಬಹುದು, ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕು.

ಹೆಸರಿನ ಬಗ್ಗೆಯೂ ಹೇಳಬೇಕು, ನಮ್ಮ ಕಡೆಯ ಹಿರಿಯರಿಗೆ ಇದು ಮೇಲಿಂದ ಮೇಲೆ ತೊಡಕಾಗುತ್ತದೆ. ತಾಯಿಯವರ ಪಾಸ್‌ಪೋರ್ಟಿನಲ್ಲಿ ಕುಟುಂಬದ ಹೆಸರಿನ ಜಾಗ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿದಿಲ್ಲ) ಎಂದು ಬಂದಿರುತ್ತದೆ. ಹ್ಯೂಸ್ಟನ್ ಟಿಕೆಟ್‌ನಲ್ಲಿ ಒಂದು ಬಗೆ, ಕೋಪಾದಲ್ಲಿ ಇನ್ನೊಂದು ಬಗೆ, ಹೋಟೆಲ್‌ನಲ್ಲಿ ಬರೀ ‘ಅಮ್ಮ’ನ ಕರೆಯುವ ಹೆಸರು, ಹೀಗೆ ಮಾಡಬೇಡಿ. ಎಲ್ಲ ಕಡೆಯೂ ಒಂದೇ ರೀತಿ, ಪಾಸ್‌ಪೋರ್ಟಿನ ಕೆಳಭಾಗದ ಯಂತ್ರಾಕ್ಷರದ ಸಾಲಿನಲ್ಲಿ ಇರುವಂತೆ ಬರೆಸಿ. ಬುಕಿಂಗ್ ಮಾಡುವಾಗಲೇ ಅವರಿಗೆ ವೀಲ್‌ಚೇರ್ ಕೇಳಿ. ಚೆನ್ನಾಗಿ ನಡೆಯುತ್ತಾರೆ ಎಂದು ಸಂಕೋಚಪಡಬೇಡಿ. ಪನಾಮಾ ಸಿಟಿಯ ತೊಕುಮೆನ್‌ನಂಥ ಉದ್ದನೆಯ ವಿಮಾನ ನಿಲ್ದಾಣದಲ್ಲಿ ಅದು ಕಾಲಿಗಷ್ಟೇ ಅಲ್ಲ, ಸ್ಪ್ಯಾನಿಷ್ ಬರದವರ ಜೊತೆ ಸ್ಪ್ಯಾನಿಷ್ ಬಲ್ಲ ಒಬ್ಬರು ಕೌಂಟರ್‌ವರೆಗೆ ಬರುತ್ತಾರೆ ಎಂಬುದೇ ದೊಡ್ಡ ಸಹಾಯ.

ಪನಾಮಾದಲ್ಲಿ ಎಲ್ ಕಾಂಗ್ರೆಹೊ ಎಂಬ ಭಾಗದಲ್ಲಿ ಹೋಟೆಲ್ ನೋಡಿ. ಮರಗಳಿರುವ ಬೀದಿಗಳು, ನಡೆದು ಹೋಗುವಷ್ಟರಲ್ಲಿ ಊಟದ ಜಾಗಗಳು, ‘ವಿಯಾ ಅರ್ಜೆಂಟೀನಾ’ ಮೆಟ್ರೊ ನಿಲ್ದಾಣ. ಹಳೆಯ ಪಟ್ಟಣ ಕಾಸ್ಕೊ ವಿಯೆಹೊ ನೋಡಲು ಚೆಂದ, ಆದರೆ ಕಲ್ಲುಹಾಸಿನ ಬೀದಿ, ಲಿಫ್ಟ್ ಇಲ್ಲದ ಕಟ್ಟಡ, ರಾತ್ರಿಯ ಸಂಗೀತ ತಾಯಿಯವರಿಗೆ ಹಿತವಲ್ಲ. ಸಂಜೆ ಹೋಗಿ ಬನ್ನಿ. ಪನಾಮಾ ಮೆಟ್ರೊ 2014ರಲ್ಲಿ ಶುರುವಾಯಿತು, ಮಧ್ಯ ಅಮೆರಿಕದ ಮೊದಲ ಮೆಟ್ರೊ ಅದು. 2023ರಿಂದ ಎರಡನೇ ಮಾರ್ಗದ ಕವಲು ವಿಮಾನ ನಿಲ್ದಾಣಕ್ಕೂ ಬರುತ್ತದೆ. ಆದರೆ ಸೂಟ್‌ಕೇಸ್ ಹಿಡಿದು ಎರಡು ಕಡೆ ರೈಲು ಬದಲಿಸಬೇಕು. ಮೊದಲ ದಿನ ಉಬರ್ ಹಿಡಿದು ಕೊರೆದೋರ್ ಸುರ್ ಟೋಲ್ ರಸ್ತೆಯಲ್ಲಿ ಹೋಗಿ, ದಟ್ಟಣೆ ಇಲ್ಲದಿದ್ದರೆ ಅರ್ಧ ಗಂಟೆ. ಚಲಾವಣೆಯ ನೋಟು ಅಮೆರಿಕದ ಡಾಲರೇ, ಚಿಲ್ಲರೆಯಲ್ಲಿ ಮಾತ್ರ ಅವರ ಬಾಲ್ಬೋವಾ ನಾಣ್ಯವೂ ಬರುತ್ತದೆ. 50, 100ರ ನೋಟು ಸಣ್ಣ ಅಂಗಡಿಯವರು ಮುಟ್ಟುವುದಿಲ್ಲ, ಐದು ಹತ್ತು ಇಪ್ಪತ್ತರ ನೋಟು ಒಯ್ಯಿರಿ. ಜನವರಿ 9 ಅಲ್ಲಿ ಹುತಾತ್ಮರ ದಿನ. 1964ರಲ್ಲಿ ಕಾಲುವೆ ವಲಯದಲ್ಲಿ ತಮ್ಮ ಬಾವುಟ ಹಾರಿಸಲು ಹೋದ ವಿದ್ಯಾರ್ಥಿಗಳಿಂದ ಶುರುವಾದ ಘರ್ಷಣೆಯಲ್ಲಿ ಸತ್ತವರ ನೆನಪಿಗೆ ಇಡೀ ದೇಶ ಶೋಕ ಆಚರಿಸುತ್ತದೆ. ಆ ದಿನ ಅಲ್ಲಿದ್ದರೆ ಬಹಳಷ್ಟು ಬಾಗಿಲು ಮುಚ್ಚಿರುತ್ತದೆ ಎಂದು ತಿಳಿದಿರಿ. ಸಿಂಧಿ ಮತ್ತು ಗುಜರಾತಿ ಕುಟುಂಬಗಳು ತಲೆಮಾರುಗಳಿಂದ ಇರುವ ಊರದು, ಹಿಂದೂ ದೇವಸ್ಥಾನವೂ ಇದೆ. ತಾಯಿಯವರಿಗೆ ಅನ್ನ ಸಾರಿಗೆ ಹತ್ತಿರದ ಊಟ ಮೂರು ಊರುಗಳಲ್ಲಿ ಸುಲಭವಾಗಿ ಸಿಗುವುದು ಇಲ್ಲೇ.

ಪನಾಮಾದಿಂದ ಸಾನ್ ಹೊಸೆಗೆ ಹೊರಡುವಾಗ ಗಡಿಯಾರದ ಮೇಲೆ ನಿಗಾ ಇರಲಿ. ಪನಾಮಾ ಮಾತ್ರ ಒಂದು ಗಂಟೆ ಮುಂದಿದೆ, ಮಧ್ಯ ಅಮೆರಿಕದ ಉಳಿದ ದೇಶಗಳೆಲ್ಲ ಹಿಂದೆ. ಬೆಳಿಗ್ಗೆ 9ಕ್ಕೆ ಹೊರಟರೆ ಸುಮಾರು 9:25ಕ್ಕೆ ಇಳಿದಿರುತ್ತೀರಿ, ರೂಮು ಸಿಗುವುದು ಮಧ್ಯಾಹ್ನ 3ಕ್ಕೆ. ಐದು ಗಂಟೆ ತಾಯಿಯವರನ್ನು ಲಾಬಿಯಲ್ಲಿ ಕೂರಿಸಬೇಡಿ. ಮಧ್ಯಾಹ್ನದ ವಿಮಾನ ಹಿಡಿಯಿರಿ, ಅಥವಾ ಬೇಗ ರೂಮು ಕೊಡಲು ಹಿಂದಿನ ದಿನವೇ ಹೋಟೆಲ್‌ಗೆ ಬರೆದು ಒಪ್ಪಿಸಿ.

ಸಾನ್ ಹೊಸೆಯ ನಿಲ್ದಾಣ ಇರುವುದು ಸಾನ್ ಹೊಸೆಯಲ್ಲಿ ಅಲ್ಲ, ಪಕ್ಕದ ಅಲಾಹುವೇಲಾದಲ್ಲಿ. ರಾಜಧಾನಿ ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಒಳಗೇ, ಆದರೂ ಸಂಜೆಯ ದಟ್ಟಣೆಯಲ್ಲಿ ಆ ದೂರ ಒಂದು ಗಂಟೆ ಮೀರುತ್ತದೆ. ಆದ್ದರಿಂದ ಆರು ರಾತ್ರಿಯನ್ನು ಎರಡು ಹೋಟೆಲ್‌ಗೆ ಹಂಚಿ. ಮೊದಲ ನಾಲ್ಕು ರಾತ್ರಿ ನಗರದ ಪಶ್ಚಿಮದ ಲಾ ಸಬಾನಾ ಉದ್ಯಾನದ ಪಕ್ಕ. ಅದು ದೊಡ್ಡ ಬಯಲು, ಮಟ್ಟಸ ನೆಲ, ಬೆಳಗಿನ ವಾಕಿಂಗ್‌ಗೆ ಹೇಳಿ ಮಾಡಿಸಿದ್ದು. ಒಂದು ಕಾಲಕ್ಕೆ ದೇಶದ ವಿಮಾನ ನಿಲ್ದಾಣ ಅಲ್ಲಿಯೇ ಇತ್ತು. ಆ ಟರ್ಮಿನಲ್ ಕಟ್ಟಡದಲ್ಲೇ ಈಗ ಕೋಸ್ಟರಿಕಾ ಕಲಾ ಸಂಗ್ರಹಾಲಯವಿದೆ. ವಿಮಾನಕ್ಕೆ ಕಾಯುತ್ತಿದ್ದ ಹಾಲ್‌ಗಳಲ್ಲಿ ಚಿತ್ರಗಳನ್ನು ನೋಡುತ್ತ ನಡೆಯುವುದು ನನಗಂತೂ ಬಹಳ ಇಷ್ಟ. ಕೊನೆಯ ಎರಡು ರಾತ್ರಿ ಅಲಾಹುವೇಲಾದಲ್ಲಿ. ಪೊವಾಸ್ ಜ್ವಾಲಾಮುಖಿಗೆ ಹೋಗುವ ರಸ್ತೆ ಅಲ್ಲಿಂದಲೇ ಏರುತ್ತದೆ, ವಿಮಾನ ನಿಲ್ದಾಣಕ್ಕೂ ಕೆಲವೇ ನಿಮಿಷ. ಪೊವಾಸ್‌ಗೆ ಸಮಯ ನಮೂದಿಸಿದ ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ಕೊಳ್ಳಬೇಕು, ಬಾಗಿಲಲ್ಲಿ ಸಿಗದು. ಬೆಟ್ಟ ಉಗುಳುವ ಕಾಲದಲ್ಲಿ ಉದ್ಯಾನ ಮುಚ್ಚುತ್ತಾರೆ, ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ. ಸಾನ್ ಹೊಸೆ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಜನವರಿಯ ಹವೆ ತಾಯಿಯವರಿಗೆ ಹಳೆಯ ಬೆಂಗಳೂರಿನಂತೆ ಅನ್ನಿಸೀತು.

ಅಲ್ಲಿನ ವಿಳಾಸದಲ್ಲಿ ಮನೆ ಸಂಖ್ಯೆ ಇಲ್ಲದಿದ್ದರೆ ಗಾಬರಿಯಾಗಬೇಡಿ. ‘ಇಗರ್ಜಿಯಿಂದ 200 ಮೀಟರ್ ಉತ್ತರ, 50 ಪೂರ್ವ’ ಎಂಬುದೇ ಪೂರ್ಣ ವಿಳಾಸ. 100 ಮೀಟರ್ ಅಂದರೆ ಅಳತೆಯಲ್ಲ, ಒಂದು ಅಡ್ಡರಸ್ತೆಯಿಂದ ಮುಂದಿನ ಅಡ್ಡರಸ್ತೆಯವರೆಗೆ ಎಂದು. ಸಾನ್ ಪೆದ್ರೊ ಭಾಗದಲ್ಲಿ ಎಂದೋ ಇಲ್ಲವಾದ ಒಂದು ಅತ್ತಿ ಜಾತಿಯ ಮರದಿಂದ ಇಂದಿಗೂ ದೂರ ಎಣಿಸುತ್ತಾರೆ. ಹೋಟೆಲ್ ಇರುವ ಜಾಗವನ್ನು ಫೋನಿನ ನಕ್ಷೆಯಲ್ಲಿ ಗುರುತು ಹಾಕಿ, ಇಂಟರ್‌ನೆಟ್ ಇಲ್ಲದಿದ್ದರೂ ತೆರೆಯುವಂತೆ ಇಳಿಸಿಟ್ಟುಕೊಳ್ಳಿ.

ಗ್ವಾಟೆಮಾಲಾ ಸಿಟಿಯಲ್ಲಿ ಇದರ ತಿರುಗುಮುರುಗು, ಎಲ್ಲವೂ ಸಂಖ್ಯೆ. ನಗರವನ್ನು ಸೋನಾ ಎಂಬ ವಲಯಗಳಾಗಿ ಹಂಚಿದ್ದಾರೆ. ‘6 ಅವೆನಿಡಾ 10-25, ಸೋನಾ 10’ ಅಂದರೆ ಹತ್ತನೇ ವಲಯದ ಆರನೇ ಅವೆನಿಡಾದಲ್ಲಿ (ಮುಖ್ಯರಸ್ತೆ), ಹತ್ತನೇ ಅಡ್ಡರಸ್ತೆ ದಾಟಿದ ಮೇಲೆ 25ನೇ ಸಂಖ್ಯೆ. ಆರನೇ ಅವೆನಿಡಾ ಬೇರೆ ವಲಯಗಳಲ್ಲೂ ಇರುವುದರಿಂದ ಸೋನಾ ಹೇಳದೆ ಟ್ಯಾಕ್ಸಿ ಹತ್ತಿದರೆ ಊರಿನ ಇನ್ನೊಂದು ತುದಿಗೆ ಹೋಗಿ ಇಳಿದೀರಿ. ಲಾ ಅವ್ರೋರಾ ನಿಲ್ದಾಣ ಊರೊಳಗೇ, 13ನೇ ವಲಯದಲ್ಲಿದೆ. 10ನೇ ವಲಯ ಹತ್ತಿರ. ಅಲ್ಲಿ ಕಾವಲು, ಲಿಫ್ಟ್, ರಾತ್ರಿಯೂ ಓಡಾಡಬಹುದಾದ ಬೀದಿಗಳಿರುವ ಹೋಟೆಲ್‌ಗಳಿವೆ. 1ನೇ ವಲಯದ ಹಳೆಯ ಪೇಟೆ ಹಗಲಿಗೆ ಮಾತ್ರ. ನನ್ನನ್ನು ಕೇಳಿದರೆ ಇಳಿದ ತಕ್ಷಣ ದೇಶದ ಹಳೆಯ ರಾಜಧಾನಿ ಆಂಟಿಗುವಾಗೆ ಹೋಗಿ ಎರಡು ರಾತ್ರಿ ಅಲ್ಲೇ ಇರಿ. ದೂರ ಸುಮಾರು 40 ಕಿಲೋಮೀಟರ್, ಹೋಟೆಲ್‌ನವರೇ ಗಾಡಿ ಕಳಿಸುತ್ತಾರೆ. ಮೂರನೇ ರಾತ್ರಿ ರಾಜಧಾನಿಗೆ ಮರಳಿ ನಿಲ್ದಾಣದ ಹತ್ತಿರ ಮಲಗಿ. ಆಂಟಿಗುವಾದಿಂದ ಬೆಳಗಿನ ವಿಮಾನಕ್ಕೆ ನೇರ ಬರುವುದು ಬೇಡ, ಆ ರಸ್ತೆ ಒಂದು ಗಂಟೆ ತೆಗೆದುಕೊಳ್ಳುವುದೋ ಎರಡೂವರೆಯೋ ಯಾರೂ ಹೇಳಲಾರರು. ಫುವೆಗೊ ಜ್ವಾಲಾಮುಖಿ ಆಂಟಿಗುವಾದಿಂದ ಕಾಣುತ್ತದೆ, ಆಗಾಗ ಹೊಗೆ ಉಗುಳುತ್ತಲೇ ಇರುತ್ತದೆ. 2010ರ ಮೇನಲ್ಲಿ ಪಕಾಯಾ, 2018ರ ಜೂನ್‌ನಲ್ಲಿ ಫುವೆಗೊ ಬೂದಿ ಚೆಲ್ಲಿದಾಗ ಲಾ ಅವ್ರೋರಾ ನಿಲ್ದಾಣವನ್ನೇ ಮುಚ್ಚಿದ್ದರು. ತಾಯಿಯವರ ಬೆಂಗಳೂರಿನ ವಿಮಾನಕ್ಕೆ ಮೊದಲು ಮೂರು ದಿನ ಬಿಡುವು ಇಟ್ಟಿದ್ದೀರಲ್ಲ, ಅದನ್ನು ಕಡಿಮೆ ಮಾಡಬೇಡಿ.

ಈ ಊರಿನ ಹೋಟೆಲ್ ದರ ನೋಡುವಾಗ ತೆರಿಗೆ ಸೇರಿದೆಯೋ ಎಂದು ವಿಚಾರಿಸಿ. ಗ್ವಾಟೆಮಾಲಾದಲ್ಲಿ 12% ಮಾರಾಟ ತೆರಿಗೆ, ಅದರ ಮೇಲೆ 10% ಪ್ರವಾಸೋದ್ಯಮ ತೆರಿಗೆ, ಒಟ್ಟು 22%. ಕೋಸ್ಟರಿಕಾದಲ್ಲಿ 13%, ಪನಾಮಾದಲ್ಲಿ 10%.

ರೂಮಿಗೆ ಹೋದ ಮೇಲೆ ನೀರಿನ ಮಾತು. ಸಾನ್ ಹೊಸೆ ಮತ್ತು ಪನಾಮಾ ಸಿಟಿಯಲ್ಲಿ ನಲ್ಲಿ ನೀರು ಕುಡಿಯಬಹುದು. ಗ್ವಾಟೆಮಾಲಾದಲ್ಲಿ ಬೇಡ, ತಾಯಿಯವರು ಬಾಯಿ ಮುಕ್ಕಳಿಸುವುದಕ್ಕೂ ಬಾಟಲಿ ನೀರೇ ಇರಲಿ. ಸಣ್ಣ ಹೋಟೆಲ್‌ಗಳಲ್ಲಿ ಶವರ್‌ನ ತಲೆಯೇ ನೀರು ಕಾಯಿಸುವ ವಿದ್ಯುತ್ ಯಂತ್ರ. ಒದ್ದೆ ಕೈಯಲ್ಲಿ ಅದರ ಗುಂಡಿ ಮುಟ್ಟಬಾರದೆಂದು ಅವರಿಗೆ ಮೊದಲ ದಿನವೇ ತೋರಿಸಿ. ನಲ್ಲಿ ಕಡಿಮೆ ತಿರುಗಿಸಿದಷ್ಟೂ ನೀರು ಬಿಸಿ. ಶೌಚದ ಕಾಗದವನ್ನು ಪಕ್ಕದ ಬುಟ್ಟಿಗೆ ಹಾಕಿ ಎಂಬ ಚೀಟಿ ಅಂಟಿಸಿದ್ದರೆ ಹಾಗೆಯೇ ಮಾಡಿ, ಕೊಳವೆ ಕಿರಿದು. ಸಾಕೆಟ್ ನಿಮ್ಮ ಹ್ಯೂಸ್ಟನ್‌ನದೇ, ಆದರೆ ಹಳೆಯ ಕಟ್ಟಡಗಳಲ್ಲಿ ಮೂರನೇ ತೂತು ಇರುವುದಿಲ್ಲ. ಮೂರು ಪಿನ್ನಿನದನ್ನು ಎರಡಕ್ಕೆ ಇಳಿಸುವ ಸಣ್ಣ ಅಡಾಪ್ಟರ್ ಒಯ್ಯಿರಿ. ತಾಯಿಯವರು ಊರಿನಿಂದ ತಂದ 230 ವೋಲ್ಟಿನ ಕೆಟಲ್ ಅಲ್ಲಿ ಕೆಲಸಕ್ಕೆ ಬಾರದು.

ಊಟದಲ್ಲಿ ಕಣ್ಣಿಗೆ ಕಾಣದ ತೊಂದರೆ ಒಂದಿದೆ. ಕಪ್ಪು ಬೀನ್ಸ್ ಕಾಳನ್ನು ಅರೆದು ಹುರಿಯುವಾಗ ಹಂದಿ ಕೊಬ್ಬು ಬಳಸುವುದು ವಾಡಿಕೆ. ‘ಮಾಂಸ ಬೇಡ’ ಎಂದರೆ ಕೋಳಿ, ಮೀನು ಬಂದೀತು, ಕೊಬ್ಬಂತೂ ಮಾಂಸವೆಂದೇ ಅವರ ಲೆಕ್ಕಕ್ಕೆ ಬರುವುದಿಲ್ಲ. ಈ ಎರಡು ಸಾಲನ್ನು ಸ್ಪ್ಯಾನಿಷ್‌ನಲ್ಲಿ ಬರೆದು ತಾಯಿಯವರ ಪರ್ಸಿನಲ್ಲಿ ಇಡಿ: ‘ನೊ ಕೋಮೊ ಕಾರ್ನೆ, ನಿ ಪೋಯೊ, ನಿ ಪೆಸ್ಕಾದೊ’, ‘ಸಿನ್ ಮಾಂತೇಕಾ ದೆ ಸೆರ್ದೊ’. ಮಾಂಸ, ಕೋಳಿ, ಮೀನು ತಿನ್ನುವುದಿಲ್ಲ, ಹಂದಿ ಕೊಬ್ಬು ಬೇಡ ಎಂದು ಅದರ ಅರ್ಥ. ಕೋಸ್ಟರಿಕಾದ ಬೆಳಗಿನ ತಿಂಡಿ ಗಾಯೊ ಪಿಂತೊ, ಅನ್ನ ಮತ್ತು ಕಪ್ಪು ಬೀನ್ಸ್ ಕಾಳು ಕಲಸಿ ಹುರಿದದ್ದು. ಕೊಬ್ಬಿಲ್ಲದೆ ಮಾಡಿಸಿಕೊಂಡರೆ ಅವರಿಗೆ ಒಗ್ಗುತ್ತದೆ. ಕಾರ್ಖಾನೆಯಲ್ಲಿ ಮುಚ್ಚಿದ ಉಪ್ಪಿಟ್ಟು, ಪುಳಿಯೋಗರೆ ಪೊಟ್ಟಣ ಒಯ್ಯಿರಿ. ಹಣ್ಣು, ಕರಿಬೇವು, ಬಿತ್ತನೆ ಬೀಜ ಯಾವ ಗಡಿಯಲ್ಲೂ ಬೇಡ.

ಮರಳಿ ಬರುವ ದಿನದ್ದು ಒಂದು ಎಚ್ಚರಿಕೆ. ಅವಧಿ ಮುಗಿದ ಸ್ಟಾಂಪ್ ಇದ್ದರೂ ಕೆನಡಾ, ಮೆಕ್ಸಿಕೊಗೆ ಹೋಗಿ 30 ದಿನದೊಳಗೆ ಬರಬಹುದು ಎಂಬ ಸೌಲಭ್ಯ ಮಧ್ಯ ಅಮೆರಿಕಕ್ಕೆ ಅನ್ವಯಿಸುವುದಿಲ್ಲ. ನಿಮ್ಮ ಮತ್ತು ನಿಮ್ಮ ಹೆಂಡತಿಯವರ ಸ್ಟಾಂಪಿನ ಕೊನೆಯ ದಿನಾಂಕವನ್ನು ಟಿಕೆಟ್ ಕೊಳ್ಳುವ ಮುನ್ನ ಇನ್ನೊಮ್ಮೆ ನೋಡಿ. ಐ-797 (ಎಚ್‌-1ಬಿ ಅನುಮೋದನೆಯ ಪತ್ರ) ಮತ್ತು ಇತ್ತೀಚಿನ ಸಂಬಳ ಚೀಟಿಗಳು ಕೈಚೀಲದಲ್ಲಿರಲಿ. ಹ್ಯೂಸ್ಟನ್‌ನಲ್ಲಿ ಅಧಿಕಾರಿ ತಾಯಿಯವರನ್ನು ಹೊಸದಾಗಿ ಬಂದ ಪ್ರವಾಸಿಯಂತೆಯೇ ಪ್ರಶ್ನಿಸಬಹುದು. ಬೆಂಗಳೂರಿಗೆ ಹೋಗುವ ಟಿಕೆಟ್‌ನ ಮುದ್ರಿತ ಪ್ರತಿಯನ್ನು ಅವರ ಪಾಸ್‌ಪೋರ್ಟಿನೊಳಗೇ ಮಡಚಿ ಇಡಿ.